ಪಾರ್ಕಿನ ಗೇಟಿಗೆ ಬೋರ್ಡು ಹಾಕಿದವರು ಯಾರು?

ಪ್ರಶ್ನೆ: ನಾವಿರುವುದು ಬಳ್ಳಾರಿಯ ಒಂದು ಲೇಔಟಿನಲ್ಲಿ. ನಮ್ಮ ಪಾರ್ಕಿಗೆ ನಿವಾಸಿಗಳ ಸಂಘದವರು ಬೀಗ ಹಾಕಿ ಬೋರ್ಡು ಬರೆಸಿದ್ದಾರೆ. ಬೆಳಿಗ್ಗೆ 5ರಿಂದ 8, ಸಂಜೆ 5ರಿಂದ 7 ಮಾತ್ರ ತೆರೆಯುತ್ತದೆ. ಹೊರಗಿನವರಿಗೆ ಪ್ರವೇಶವಿಲ್ಲ, ಚೆಂಡಾಟ ಇಲ್ಲ, ಜೋಡಿಗಳು ಕೂರುವಂತಿಲ್ಲ, ಸಭೆ ಸೇರುವಂತಿಲ್ಲ. ನಾವು ಒಂದಷ್ಟು ಜನ ಭಾನುವಾರ ಸಂಜೆ ಅಲ್ಲಿ ಕೂತು ಪುಸ್ತಕದ ಬಗ್ಗೆ ಮಾತಾಡುತ್ತೇವೆ. 'ಪರ್ಮಿಶನ್ ಲೆಟರ್ ಎಲ್ಲಿ' ಎಂದು ಕೇಳಿದರು. ಹತ್ತು ಜನಕ್ಕಿಂತ ಜಾಸ್ತಿ ಸೇರಿದರೆ ಕೇಸಾಗುತ್ತದಂತೆ, ನಿಜವಾ? ಇನ್ನೊಂದು, ಅದೇ ಗೇಟಿನ ಮುಂದೆ ಫುಟ್‌ಪಾತ್ ತುಂಬ ಒಗ್ಗರಣೆ-ಮಿರ್ಚಿ ಗಾಡಿಗಳಿವೆ. ಪಕ್ಕದ ಬೀದಿಯಲ್ಲಿ ಮದುವೆ ಬಂತೆಂದರೆ ಎರಡು ದಿನ ರಸ್ತೆಗೆ ಅಡ್ಡ ಪೆಂಡಾಲ್, ರಾತ್ರಿ 12ರ ತನಕ ಡಿಜೆ. ಇವನ್ನು ತೆಗೆಸಬಹುದಾ? ಪಾರ್ಕಿನ ಬೀಗ ನಾವೇ ಒಡೆದರೆ ತಪ್ಪಾ?

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಮೊದಲರ್ಧದಲ್ಲಿ ನಿಮ್ಮನ್ನು ತಡೆದವರ ಮೇಲೆ ಸಿಟ್ಟಿದೆ. ಉಳಿದರ್ಧದಲ್ಲಿ ಬೇರೆಯವರನ್ನು ತಡೆಯಲು ದಾರಿ ಕೇಳಿದ್ದೀರಿ. ಇದು ನಿಮ್ಮೊಬ್ಬರ ಕಥೆಯಲ್ಲ. ಪಾರ್ಕು, ಫುಟ್‌ಪಾತು, ರಸ್ತೆ ಅಂತ ನನ್ನ ಹತ್ತಿರ ಬರುವ ಕಕ್ಷಿದಾರರೆಲ್ಲ ಹೀಗೇ. ಆದರೆ ಕಾನೂನು ಎರಡೂ ಕಡೆ ಕೇಳುವುದು ಒಂದೇ ಪ್ರಶ್ನೆ. 'ಬೇಡ' ಅನ್ನುವವನಿಗೆ ಹಾಗನ್ನುವ ಅಧಿಕಾರ ಯಾರು ಕೊಟ್ಟರು, ಅದರ ಕಾಗದ ಎಲ್ಲಿದೆ? ಬೋರ್ಡಿನ ವಿಷಯದಲ್ಲಿ ಆ ಪ್ರಶ್ನೆ ನೀವು ಕೇಳಬೇಕು. ಗಾಡಿಯವರ ವಿಷಯದಲ್ಲಿ ಅದನ್ನೇ ಅವರು ನಿಮ್ಮನ್ನು ಕೇಳುತ್ತಾರೆ.

ಮೊದಲು ಬೋರ್ಡು. ಇಂಥ ಬೋರ್ಡುಗಳನ್ನು ಒಮ್ಮೆ ಸರಿಯಾಗಿ ಓದಿ ನೋಡಿ. ಹಳದಿ ಬಣ್ಣದ ಮೇಲೆ ಕಪ್ಪಕ್ಷರ, ಏಳೆಂಟು ನಿಷೇಧ, ಕೊನೆಯಲ್ಲಿ 'ಆದೇಶದ ಮೇರೆಗೆ'. ಯಾರ ಆದೇಶ? ಯಾವ ತಾರೀಖಿನದು? ಯಾವ ಕಾಯ್ದೆ? ಏನೂ ಇರುವುದಿಲ್ಲ. ಪಾಲಿಕೆಯೇ ಹಾಕಿದ್ದರೆ ಪಾಲಿಕೆಯ ಹೆಸರು, ಆಯುಕ್ತರು ಎಂಬ ಪದನಾಮ ಕೆಳಗಿರಬೇಕು. ನಿಮ್ಮ ಬೋರ್ಡಿನಲ್ಲಿ ಅದಿಲ್ಲದಿದ್ದರೆ ಅದು ಪೇಂಟರ್‌ಗೆ ಕೊಟ್ಟ ಆರ್ಡರ್ ಅಷ್ಟೇ.

ಈ ಜಾಗ ಯಾರದು ಅಂತ ಗೊತ್ತಾದರೆ ಅರ್ಧ ಜಗಳ ಮುಗಿಯುತ್ತದೆ. ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ನಾವು ಬುಡಾ ಅನ್ನುವುದು, ಒಂದು ಲೇಔಟಿಗೆ ಒಪ್ಪಿಗೆ ಕೊಡುವಾಗ ನಕ್ಷೆಯಲ್ಲಿ ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ನಿವೇಶನ ಇವನ್ನು ಬೇರೆಯಾಗಿ ಗುರುತಿಸುತ್ತದೆ. ಲೇಔಟ್ ಮಾಡಿದವರು ಆ ಜಾಗಗಳನ್ನು ದುಡ್ಡು ತೆಗೆದುಕೊಳ್ಳದೆ ಬಿಟ್ಟುಕೊಡಬೇಕು. ಆಮೇಲೆ ಅವು ಪಾಲಿಕೆಯ ಕೈಗೆ ಬರುತ್ತವೆ. ಬಿಟ್ಟುಕೊಟ್ಟ ಮೇಲೆ ಆ ಪಾರ್ಕು ಲೇಔಟ್ ಮಾಡಿದವನದಲ್ಲ, ಸೈಟು ಕೊಂಡವರದಲ್ಲ, ಸಂಘದ್ದಂತೂ ಅಲ್ಲವೇ ಅಲ್ಲ. 'ಸೈಟಿಗೆ ದುಡ್ಡು ಕೊಟ್ಟಾಗ ಪಾರ್ಕಿಗೂ ಸೇರಿಸಿ ಕೊಟ್ಟಿದ್ದೇವೆ' ಎಂದು ಸಂಘದವರು ವಾದ ಮಾಡುತ್ತಾರೆ. ದರ ಜಾಸ್ತಿ ಕೊಟ್ಟಿರಬಹುದು, ನಿಜ. ಒಡೆತನ ಮಾತ್ರ ಬಂದಿಲ್ಲ.

ಒಂದು ಎಚ್ಚರಿಕೆ ಇದೆ. ನಮ್ಮ ಕಡೆ ಹೊಲವನ್ನೇ ತುಂಡು ಮಾಡಿ ಮಾರಿದ ರೆವಿನ್ಯೂ ಲೇಔಟುಗಳು ಬೇಕಾದಷ್ಟಿವೆ. ಅಂಥ ಕಡೆ ಬ್ರೋಷರಿನಲ್ಲಿ ಪಾರ್ಕು ಇರುತ್ತದೆ, ಒಪ್ಪಿಗೆಯಾದ ನಕ್ಷೆಯೇ ಇರುವುದಿಲ್ಲ. ನಿಮ್ಮದು ಹಾಗಿದ್ದರೆ ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ನಿಮಗೆ ಅನ್ವಯಿಸುವುದಿಲ್ಲ, ಮೊದಲು ಖಾತೆ, ನಕ್ಷೆ ನೋಡಿಕೊಳ್ಳಿ.

ಒಪ್ಪಿಗೆಯಾದ ಲೇಔಟ್ ಆಗಿದ್ದರೆ ನಿಮ್ಮ ಬೆನ್ನಿಗೆ ಎರಡು ಗಟ್ಟಿ ಆಧಾರಗಳಿವೆ. ಒಂದು, ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ರಕ್ಷಣೆಗೆ 1985ರಲ್ಲಿ ಬಂದ ಕರ್ನಾಟಕದ ಕಾಯ್ದೆ. ಪಾರ್ಕನ್ನು ಮಾರುವುದು, ಲೀಸಿಗೆ ಕೊಡುವುದು, ದಾನ ಮಾಡುವುದು, ಬೇರೆ ಕೆಲಸಕ್ಕೆ ಬಳಸುವುದು ಇದಕ್ಕೆಲ್ಲ ಅದು ತಡೆ ಹಾಕುತ್ತದೆ. ಇನ್ನೊಂದು, 1991ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು, ಮಂಜೂರಾತಿ ರದ್ದಾಯಿತು. ಆಸ್ಪತ್ರೆಯಂಥ ಒಳ್ಳೆಯ ಕೆಲಸಕ್ಕೂ ಪಾರ್ಕು ಕೊಡುವಂತಿಲ್ಲ ಅಂದಮೇಲೆ ಸಂಘದ ಪದಾಧಿಕಾರಿಗಳ ವಾಕಿಂಗಿಗೆ ಮೀಸಲಿಡಲು ಸಾಧ್ಯವಾ?

ಸಂಘಕ್ಕೆ ಏನೂ ಅಧಿಕಾರ ಇಲ್ಲವಾ ಅಂದರೆ, ಇದೆ, ಅದರ ಸದಸ್ಯರ ಮೇಲೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘದ ಬೈಲಾ ಅದರ ಸದಸ್ಯರನ್ನು ಕಟ್ಟಿಹಾಕುತ್ತದೆ, ದಾರಿಯಲ್ಲಿ ಹೋಗುವವರನ್ನಲ್ಲ. ಕೆಲವು ಕಡೆ ಗಿಡಕ್ಕೆ ನೀರು ಹಾಕಲು, ಗುಡಿಸಲು, ದೀಪ ನೋಡಿಕೊಳ್ಳಲು ಪಾಲಿಕೆಯೇ ಸಂಘಕ್ಕೆ ಪಾರ್ಕನ್ನು ವಹಿಸಿರುತ್ತದೆ. ಒಳ್ಳೆಯದೇ. ಎಷ್ಟೋ ಪಾರ್ಕುಗಳು ಹಸಿರಾಗಿ ಉಳಿದಿರುವುದು ಇಂಥ ನಾಲ್ಕು ಜನ ಕೈಯಿಂದ ಖರ್ಚು ಮಾಡಿದ್ದರಿಂದ, ಅದನ್ನು ಮರೆಯಬಾರದು. ಆದರೆ ಹೊಲ ಕಾಯುವವನು ಹೊಲದ ಒಡೆಯ ಆಗುವುದಿಲ್ಲ. ನಿರ್ವಹಣೆಯ ಒಪ್ಪಂದ ಇದ್ದರೆ ಅದರಲ್ಲಿ ಏನು ಬರೆದಿದೆ ನೋಡಬೇಕು. ಯಾರು ಒಳಗೆ ಬರಬೇಕು, ಯಾರು ಬರಬಾರದು ಎಂದು ನಿರ್ಧರಿಸುವ ಅಧಿಕಾರ ಕೊಟ್ಟ ಒಪ್ಪಂದ ನಾನಂತೂ ನೋಡಿಲ್ಲ.

ಆ ಕಾಗದ ಹೊರಗೆ ತರುವುದಕ್ಕೆ ಒಂದು ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಸಾಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು, ಇದನ್ನು ಮರೆತು ಪುರಾಣ ಬರೆದರೆ ಅದೇ ನೆಪದಲ್ಲಿ ವಾಪಸ್ ಕಳಿಸುತ್ತಾರೆ. ಪಾಲಿಕೆಯ ಮಾಹಿತಿ ಅಧಿಕಾರಿಗೆ ಮೂರು ದಾಖಲೆ ಕೇಳಿ: ಲೇಔಟಿನ ಒಪ್ಪಿಗೆಯಾದ ನಕ್ಷೆ, ಪಾರ್ಕನ್ನು ಪಾಲಿಕೆಗೆ ಒಪ್ಪಿಸಿದ ಪತ್ರ, ಸಂಘಕ್ಕೆ ನಿರ್ವಹಣೆ ಕೊಟ್ಟಿದ್ದರೆ ಅದರ ಆದೇಶ. 'ಬೀಗ ಯಾಕೆ ಹಾಕಿದ್ದಾರೆ' ಎಂದು ಕೇಳಬೇಡಿ. ಆರ್‌ಟಿಐನಲ್ಲಿ ಕಾಗದ ಕೇಳಬೇಕು, ಕಾರಣ ಕೇಳಬಾರದು. 30 ದಿನದೊಳಗೆ ಉತ್ತರ ಬರಬೇಕು. 'ಅಂಥ ಆದೇಶ ಕಡತದಲ್ಲಿ ಇಲ್ಲ' ಎಂಬ ಒಂದು ಸಾಲು ಬಂದರೆ ಅದೇ ನಿಮಗೆ ದೊಡ್ಡ ಅಸ್ತ್ರ.

ಈಗ ಬೋರ್ಡಿನ ಒಂದೊಂದು ಸಾಲಿಗೆ ಬರೋಣ. ಸಮಯದ ನಿರ್ಬಂಧ ಪಾಲಿಕೆ ಮಾಡಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ನಿಮ್ಮ ಬೋರ್ಡಿನ ಸಮಯ ಯಾರೋ ಮಲೆನಾಡಿನವರು ಬರೆದಂತಿದೆ. ಬಳ್ಳಾರಿಯ ಏಪ್ರಿಲ್‌ನಲ್ಲಿ ಸಂಜೆ 7ಕ್ಕೆ ಪಾರ್ಕಿನ ಕಲ್ಲುಬೆಂಚು ಇನ್ನೂ ಸುಡುತ್ತಿರುತ್ತದೆ. ಜನ ಮನೆಯಿಂದ ಹೊರಬೀಳುವುದೇ ಆಮೇಲೆ. ರಾತ್ರಿ 9ರ ತನಕವಾದರೂ ತೆರೆದಿಡಿ ಎಂದು ಪಾಲಿಕೆಗೆ ಬರೆದು ಕೇಳಿ.

ಚೆಂಡಾಟದ ವಿಷಯದಲ್ಲಿ ಸಂಘದವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಕಾಯ್ದೆ ಉದ್ಯಾನವನ್ನೂ ಆಟದ ಮೈದಾನವನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ. ನಕ್ಷೆಯಲ್ಲಿ ಉದ್ಯಾನ ಎಂದಿದ್ದರೆ ಅಲ್ಲಿ ಲೆದರ್ ಬಾಲಿನ ಕ್ರಿಕೆಟ್ ಬೇಡ ಎಂದು ಪಾಲಿಕೆ ಹೇಳಬಹುದು, ಕಿಟಕಿ ಗಾಜು, ಅಜ್ಜ ಅಜ್ಜಿಯರ ತಲೆ ಎರಡೂ ಉಳಿಯಬೇಕಲ್ಲ. ಪುಟ್ಟ ಮಕ್ಕಳ ರಬ್ಬರ್ ಚೆಂಡನ್ನೂ ತಡೆಯುವುದು ಅತಿಯಾಯಿತು.

'ಹೊರಗಿನವರಿಗೆ ಪ್ರವೇಶವಿಲ್ಲ', ಬೋರ್ಡಿನಲ್ಲಿ ಅತಿ ಕೆಟ್ಟ ಸಾಲು ಇದು. ನೀವು ಇದನ್ನು ಉಳಿದ ಸಾಲುಗಳ ಜೊತೆ ಸುಮ್ನೆ ಪಟ್ಟಿ ಮಾಡಿ ಬಿಟ್ಟಿದ್ದೀರಿ, ಬಹುಶಃ ನಿಮಗೆ ಅದು ತಟ್ಟಿಲ್ಲ. ಹೊರಗಿನವರು ಅಂದರೆ ಯಾರು? ಕಾರಿನಲ್ಲಿ ಬಂದ ನಿಮ್ಮ ನೆಂಟರನ್ನು ಯಾರೂ ಗೇಟಿನಲ್ಲಿ ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಲೇಔಟಿನ ಹಿಂದಿನ ಗುಡಿಸಲುಗಳ ಮಕ್ಕಳನ್ನು, ಮಧ್ಯಾಹ್ನ ನೆರಳಿಗೆ ಬಂದ ಕಟ್ಟಡ ಕೆಲಸದವರನ್ನು. ಸಂವಿಧಾನದ 15(2)ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕರು ಸೇರುವ ಜಾಗ ಎಂದು ಹೆಸರಿಸಿಯೇ ಹೇಳಿದೆ. ಅಲ್ಲಿ ಜಾತಿ, ಧರ್ಮ, ಲಿಂಗ, ಹುಟ್ಟಿದ ಸ್ಥಳದ ಮೇಲೆ ಯಾರನ್ನೂ ತಡೆಯುವಂತಿಲ್ಲ. ಈ ವಿಧಿಯ ವಿಶೇಷ ಏನೆಂದರೆ ಇದು ಸರ್ಕಾರವನ್ನಷ್ಟೇ ಅಲ್ಲ, ನಿಮ್ಮನ್ನು ನನ್ನನ್ನು, ಸಂಘದ ಕಾರ್ಯದರ್ಶಿಯನ್ನೂ ಕಟ್ಟಿಹಾಕುತ್ತದೆ. ಅಸ್ಪೃಶ್ಯತೆಯ ಕಾರಣಕ್ಕೆ ತಡೆದರೆ 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ, ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಎರಡೂ ಬರುತ್ತವೆ.

ನಮ್ಮ ಭಾಗದಲ್ಲಿ ಇದು ಹಳೇ ಕಾಲದ ಮಾತು ಅಂದುಕೊಳ್ಳಬೇಡಿ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲಿಗೆ ದಲಿತರಿಗೆ ಪ್ರವೇಶ ಇಲ್ಲ ಅನ್ನುವ ತಕರಾರಿನ ಹಿನ್ನೆಲೆಯಲ್ಲಿ 2014ರಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ಸೆಷನ್ಸ್ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ನಿಮ್ಮ ಸಂಘದವರು ಅಂಥವರೆಂದು ನಾನು ಹೇಳುತ್ತಿಲ್ಲ. ಆದರೆ ಯಾರು ಒಳಗಿನವರು ಎಂದು ಗೇಟಿನಲ್ಲಿ ನಿಂತು ನಿರ್ಧರಿಸುವ ಅಭ್ಯಾಸ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದು ಈ ಜಿಲ್ಲೆಗಳವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ನಿಮ್ಮ ಅರ್ಜಿಯಲ್ಲಿ ನಿಮ್ಮ ಪುಸ್ತಕದ ಮಾತುಕತೆಗಿಂತ ಮೊದಲು ಈ ಸಾಲನ್ನು ಅಳಿಸಿ ಎಂದು ಬರೆಯಿರಿ.

ಜೋಡಿಗಳು. ಇಬ್ಬರು ಬೆಂಚಿನ ಮೇಲೆ ಕೂತು ಮಾತಾಡುವುದಕ್ಕೆ ಯಾವ ನಿಷೇಧವೂ ಇಲ್ಲ. ಬೇರೆಯವರಿಗೆ ಕಿರಿಕಿರಿ ಆಗುವಂತೆ ಅಶ್ಲೀಲವಾಗಿ ನಡೆದುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ಇದೆ, ಮೂರು ತಿಂಗಳವರೆಗೆ ಶಿಕ್ಷೆ ಇದೆ. ಅದನ್ನು ನೋಡಿಕೊಳ್ಳಬೇಕಾದವರು ಪೊಲೀಸರು. ಫೋಟೊ ತೆಗೆದು ವಾಟ್ಸಪ್ ಗ್ರೂಪಿಗೆ ಹಾಕುವ ಕಾಕಾಗಳ ಮೇಲೇ ಕೇಸಾಗಬಹುದು.

ನಿಜವಾಗಿ ನಿಷೇಧ ಇರುವ ಸಂಗತಿಗಳು ಬೋರ್ಡಿನಲ್ಲಿ ಇಲ್ಲವೇ ಇಲ್ಲ, ಅದೇ ತಮಾಷೆ. ಮರದ ಕೆಳಗೆ ದುಡ್ಡಿಟ್ಟು ಅಂದರ್-ಬಾಹರ್ ಆಡಿದರೆ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ. ಬಳ್ಳಾರಿ, ಕೊಪ್ಪಳ, ರಾಯಚೂರು ಈ ನಮ್ಮ ಮೂರೂ ಜಿಲ್ಲೆಗಳ ಠಾಣೆಗಳಲ್ಲಿ ಈ ಕಲಂ ಎಷ್ಟು ಸವೆದಿದೆ ಎಂದು ಪೇಪರ್ ಓದುವವರಿಗೆಲ್ಲ ಗೊತ್ತು. ಬಾಟಲಿ ಹಿಡಿದು ಕೂತರೆ ಅಬಕಾರಿ ಕಾಯ್ದೆ. ಬೀಡಿ, ಸಿಗರೇಟು ಸೇದಿದರೆ, ಗುಟ್ಕಾ ತಿಂದು ಉಗಿದರೆ 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯ ಪ್ರಕಾರ 1,000 ರೂಪಾಯಿವರೆಗೆ ದಂಡ, ಮೊದಲು ಸಿಗರೇಟಿಗೆ 200 ಇತ್ತು. ಪಾರ್ಕಿನ ಮೂಲೆಯಲ್ಲಿ ಒಂದು ಚಿಕ್ಕ ಗುಡಿಯೋ ದರ್ಗಾವೋ ಕಟ್ಟೋಣ ಎಂದು ಯಾರಾದರೂ ಹೊರಟರೆ, ಸಾರ್ವಜನಿಕ ರಸ್ತೆ, ಪಾರ್ಕುಗಳಲ್ಲಿ ಹೊಸ ಪೂಜಾಸ್ಥಳ ಬೇಡ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. 2013ರಲ್ಲಿ ರಸ್ತೆ, ಫುಟ್‌ಪಾತ್ ಮೇಲೆ ಹೊಸ ಪ್ರತಿಮೆ ಬೇಡ ಎಂದೂ ಹೇಳಿತು. ನಮ್ಮ ಸರ್ಕಲ್ಲುಗಳನ್ನು ನೋಡಿದರೆ ಆ ಸುದ್ದಿ ಇಲ್ಲಿಗೆ ಬಂದು ತಲುಪಿದಂತೆ ಕಾಣುವುದಿಲ್ಲ.

ಇನ್ನು ನಿಮ್ಮ ಭಾನುವಾರದ ಕೂಟ. 'ಹತ್ತು ಜನ' ಅನ್ನುವ ಲೆಕ್ಕ ಎಲ್ಲಿಂದ ಬಂತು ಅಂದರೆ, 2025ರ ಅಕ್ಟೋಬರ್ 18ರಂದು ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತು. ಸರ್ಕಾರಿ ಶಾಲೆ, ಮೈದಾನ, ಪಾರ್ಕು, ರಸ್ತೆಯಂಥ ಜಾಗಗಳಲ್ಲಿ ಖಾಸಗಿ ಸಂಘಟನೆಗಳು ಕಾರ್ಯಕ್ರಮ ಮಾಡಬೇಕಾದರೆ ಮೊದಲೇ ಅನುಮತಿ ಬೇಕು, ಅನುಮತಿ ಇಲ್ಲದೆ ಹತ್ತಕ್ಕಿಂತ ಹೆಚ್ಚು ಜನ ಸೇರಿದರೆ ಅದು ಅಕ್ರಮ ಕೂಟ ಎಂದು ಅದರಲ್ಲಿತ್ತು. ಹತ್ತೇ ದಿನಕ್ಕೆ, ಅಕ್ಟೋಬರ್ 28ರಂದು, ಹೈಕೋರ್ಟಿನ ಧಾರವಾಡ ಪೀಠ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಸಂವಿಧಾನ ಕೊಟ್ಟ ಹಕ್ಕನ್ನು ಒಂದು ಸರ್ಕಾರಿ ಆದೇಶದಿಂದ ಕಿತ್ತುಕೊಳ್ಳಲಾಗದು ಅನ್ನುವುದು ಅದರ ತಿರುಳು. ಸರ್ಕಾರ ಮೇಲ್ಮನವಿ ಹೋಯಿತು, ನವೆಂಬರಿನಲ್ಲಿ ವಿಭಾಗೀಯ ಪೀಠವೂ ತಡೆ ತೆರವು ಮಾಡಲಿಲ್ಲ. ಬಳ್ಳಾರಿ, ಕೊಪ್ಪಳ ಎರಡೂ ಧಾರವಾಡ ಪೀಠದ ವ್ಯಾಪ್ತಿಗೇ ಬರುತ್ತವೆ (ರಾಯಚೂರಿನವರು ಕಲಬುರಗಿಗೆ ಹೋಗಬೇಕು). ಆ ಆದೇಶದ ಸುತ್ತ ರಾಜಕೀಯ ಬೇಕಾದಷ್ಟು ನಡೆಯಿತು, ಯಾರನ್ನು ಗುರಿ ಮಾಡಿದ್ದು ಎಂದು ಎಲ್ಲರೂ ಒಂದೊಂದು ಹೇಳಿದರು. ನನಗೆ ಮುಖ್ಯ ಅನಿಸಿದ್ದು, ಅಂಥ ಆದೇಶ ಒಮ್ಮೆ ಬಂದರೆ ಅದನ್ನು ಹಿಡಿದು ನಿಮ್ಮ ಪುಸ್ತಕದ ಗುಂಪನ್ನು ಎಬ್ಬಿಸಲು ಕಾರ್ಯದರ್ಶಿಯೊಬ್ಬರು ಬಂದೇ ಬರುತ್ತಾರೆ ಅನ್ನುವುದು. ಬಂದಿದ್ದಾರೆ, ನೋಡಿ.

ಇದಕ್ಕೂ ಮೊದಲು ಜನರ ಬಾಯಲ್ಲಿ ಇದ್ದದ್ದು 'ಐದು ಜನ' ಅನ್ನುವ ಲೆಕ್ಕ. ಐದು ಜನ ಸೇರಿದ್ದೇ ತಪ್ಪು ಅಂತ ಯಾವ ಕಾನೂನೂ ಹೇಳಿಲ್ಲ. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಅಪರಾಧದ ಉದ್ದೇಶಕ್ಕೆ ಸೇರಿದರೆ ಅದು ಅಕ್ರಮ ಕೂಟ. ಬೀಚಿ ಪುಸ್ತಕ ಓದಿ ನಗುವುದು ಅಪರಾಧದ ಉದ್ದೇಶ ಅಲ್ವಲ್ಲ. ನಿಷೇಧಾಜ್ಞೆ ಇದ್ದಾಗ ಮಾತ್ರ ಬೇರೆ ಮಾತು. ಹಳೆಯ 144ನೇ ಸೆಕ್ಷನ್ನೇ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿದೆ. ಅದನ್ನು ಹೊರಡಿಸುವುದು ಜಿಲ್ಲಾಧಿಕಾರಿಯಂಥ ಮ್ಯಾಜಿಸ್ಟ್ರೇಟರು, ಲಿಖಿತವಾಗಿ, ಕಾರಣ ಕೊಟ್ಟು. ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಆದೇಶವನ್ನು ಪ್ರಕಟಿಸಲೇಬೇಕು, ಜನರ ನ್ಯಾಯವಾದ ಮಾತನ್ನು ಅಡಗಿಸುವುದಕ್ಕೆ ಇದನ್ನು ಬಳಸಬಾರದು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಯಾರಾದರೂ '144 ಇದೆ' ಅಂದರೆ ಪ್ರತಿ ತೋರಿಸಿ ಅನ್ನಿ.

ಹಾಗಂತ ಎಲ್ಲ ಕೂಟಕ್ಕೂ ಪರವಾನಗಿ ಬೇಡವೇ ಬೇಡ ಅಂತಲ್ಲ. ಬೆಂಚಿನ ಮೇಲೆ, ಹುಲ್ಲಿನ ಮೇಲೆ ಕೂತು ಮಾತಾಡಿದರೆ ಬೇಡ. ಮೈಕು ಹಚ್ಚಿದರೆ, ಶಾಮಿಯಾನ ಹಾಕಿದರೆ, ಕುರ್ಚಿ ಹಾಕಿ ಜಾಗ ಹಿಡಿದರೆ, ಮೆರವಣಿಗೆ ಹೊರಟರೆ ಬೇಕು. ಬೀದಿಯಲ್ಲಿ ಸಭೆ ನಡೆಸುವುದನ್ನು ಪೊಲೀಸರು ನಿಯಂತ್ರಿಸಬಹುದು, ಆದರೆ ಪೂರ್ತಿ ಇಲ್ಲವೇ ಇಲ್ಲ ಅನ್ನುವಂತಿಲ್ಲ ಎಂದು ಅಹಮದಾಬಾದಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1970ರ ದಶಕದಲ್ಲೇ ತೀರ್ಪು ಕೊಟ್ಟಿದೆ. ಇನ್ನೊಂದು ತುದಿಯಲ್ಲಿ, ದೆಹಲಿಯ ಶಾಹೀನ್ ಬಾಗ್ ವಿಷಯದಲ್ಲಿ 2020ರ ಅಕ್ಟೋಬರಿನಲ್ಲಿ, ದಾರಿಯನ್ನು ಅನಿರ್ದಿಷ್ಟ ಕಾಲ ಹಿಡಿದು ಕೂರುವಂತಿಲ್ಲ ಎಂದೂ ಅದೇ ಕೋರ್ಟ್ ಹೇಳಿದೆ. ನಿಮ್ಮ ಕೂಟ ಈ ಎರಡು ತೀರ್ಪುಗಳ ಹತ್ತಿರಕ್ಕೂ ಹೋಗುವಂಥದ್ದಲ್ಲ. ಸುಮ್ನೆ ಹೋಗಿ ಕೂತುಕೊಳ್ಳಿ.

ಈಗ ಒಗ್ಗರಣೆ-ಮಿರ್ಚಿ ಗಾಡಿ. ಇಲ್ಲಿ ನಿಮಗೆ ಇಷ್ಟವಾಗದ ಮಾತು ಹೇಳಬೇಕಾಗುತ್ತದೆ. ಬೀದಿಬದಿ ವ್ಯಾಪಾರಿಗಳಿಗೆ 2014ರ ಒಂದು ಕೇಂದ್ರ ಕಾಯ್ದೆಯ ರಕ್ಷಣೆ ಇದೆ, ಅದು ಪಾಲಿಕೆ ಕಾಯ್ದೆಗಿಂತ ಮೇಲೆ ನಿಲ್ಲುತ್ತದೆ. ಅದರ ಪ್ರಕಾರ ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ. 40ರಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಮಾಡಿ, ಎಲ್ಲಿ ವ್ಯಾಪಾರ ಮಾಡಬಹುದು, ಎಲ್ಲಿ ಮಾಡಬಾರದು ಎಂದು ವಲಯ ಗುರುತಿಸಿ, ಪ್ರಮಾಣಪತ್ರ ಕೊಡಬೇಕು. ಅದಾಗುವ ತನಕ ಅಲ್ಲಿರುವವರನ್ನು ಎಬ್ಬಿಸುವಂತಿಲ್ಲ. ಬೇರೆ ಕಡೆ ಕಳಿಸಬೇಕಾದರೂ 30 ದಿನದ ನೋಟಿಸ್ ಕೊಡಬೇಕು.

ನಡೆಯುವುದು ಬೇರೆ ಥರ, ನೀವೂ ನೋಡಿರುತ್ತೀರಿ. ಮಂತ್ರಿಗಳು ಬರುವ ಹಿಂದಿನ ದಿನ ಟ್ರ್ಯಾಕ್ಟರ್ ಬರುತ್ತದೆ. ಗಾಡಿ ಎತ್ತಿ ಹಾಕುತ್ತಾರೆ, ಮೇಲಿದ್ದ ಮಂಡಾಳು (ಮಂಡಕ್ಕಿ) ಚೀಲ ಹರಿದು ರಸ್ತೆ ತುಂಬ ಚೆಲ್ಲುತ್ತದೆ, ಬಿಸಿ ಎಣ್ಣೆಯ ಬಾಣಲೆ ಇಳಿಸುವುದಕ್ಕೂ ಪುರುಸೊತ್ತು ಕೊಡುವುದಿಲ್ಲ. ಕಾಯ್ದೆ ಏನು ಹೇಳುತ್ತದೆ ಅಂದರೆ, ವಶಪಡಿಸಿಕೊಂಡ ಸಾಮಾನಿನ ಪಟ್ಟಿ ಮಾಡಿ ಸಹಿ ಹಾಕಿದ ಪ್ರತಿ ಅಲ್ಲೇ ಕೊಡಬೇಕು. ತರಕಾರಿ, ಹಣ್ಣಿನಂಥ ಕೆಡುವ ಸಾಮಾನನ್ನು ಕೇಳಿದ ದಿನವೇ ಬಿಡಬೇಕು. ಕೆಡದ ಸಾಮಾನನ್ನು ಎರಡು ಕೆಲಸದ ದಿನದೊಳಗೆ ಬಿಡಬೇಕು. ಆ ಪಟ್ಟಿಯ ಚೀಟಿ ಪಡೆದ ವ್ಯಾಪಾರಿ ನನಗೆ ಸಿಕ್ಕಿರುವುದು ಅಪರೂಪ. ದಿನದ ಜಕಾತಿ ಚೀಟಿ ಮಾತ್ರ ಎಲ್ಲರ ಹತ್ತಿರ ಇರುತ್ತದೆ. ವಸೂಲಿಗೆ ಬರುವವರು ಒಂದು ದಿನವೂ ತಪ್ಪಿಸುವುದಿಲ್ಲ. ಜಕಾತಿ ತೆಗೆದುಕೊಂಡು ಆಮೇಲೆ 'ನೀನು ಇಲ್ಲಿ ಇರುವುದೇ ಅಕ್ರಮ' ಅನ್ನುವುದು ಯಾವ ನ್ಯಾಯ?

ನಡೆಯುವವರಿಗೆ ಹಕ್ಕಿಲ್ಲವಾ? ಇದೆ. ಫುಟ್‌ಪಾತ್ ಮೇಲೆ ನಡೆಯುವುದು ಬದುಕುವ ಹಕ್ಕಿನ ಭಾಗ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ರಾಯಚೂರಿನ ತೀನ್ ಕಂದೀಲ್ ಕಡೆಗೋ ಕೊಪ್ಪಳದ ಜವಾಹರ ರಸ್ತೆಗೋ ಸಂಜೆ ಹೋದವರಿಗೆ ಅದರ ಬೆಲೆ ಗೊತ್ತು. ಅದಕ್ಕೇ ನೀವು ಕೇಳಬೇಕಾದದ್ದು 'ಗಾಡಿ ತೆಗೆಸಿ' ಅಂತಲ್ಲ. 'ಈ ರಸ್ತೆ ವ್ಯಾಪಾರ ವಲಯವೋ ಅಲ್ಲವೋ ಗುರುತಿಸಿ, ವಲಯವಾದರೆ ಗೆರೆ ಹಾಕಿ, ಗೇಟಿನ ಮುಂದೆ ಮತ್ತು ನಡೆಯುವುದಕ್ಕೆ ಇಷ್ಟು ಅಡಿ ಬಿಡಿಸಿ' ಎಂದು ಕೇಳಿ. ಹಾಗೆ ಕೇಳಿದರೆ ಗಾಡಿಯವರೇ ನಿಮ್ಮ ಜೊತೆ ಸಹಿ ಹಾಕುತ್ತಾರೆ, ಯಾಕೆಂದರೆ ಗೆರೆ ಬಿದ್ದರೆ ಅವರಿಗೂ ನೆಮ್ಮದಿ. ನಿಜ ಹೇಳಬೇಕೆಂದರೆ, ಎಷ್ಟೋ ಕಡೆ ಫುಟ್‌ಪಾತ್ ನುಂಗಿದ್ದು ಗಾಡಿಯಲ್ಲ, ಮನೆ ಮುಂದೆ ಕಾರು ಹತ್ತಲು ಹಾಕಿಸಿದ ಇಳಿಜಾರು, ಅಂಗಡಿಯವರು ಮುಂದೆ ಚಾಚಿದ ಶೀಟು. ಇಂಥ ಅಡ್ಡಿಗಳನ್ನು ತೆಗೆಸಲು 1976ರ ಪಾಲಿಕೆಗಳ ಕಾಯ್ದೆಯಲ್ಲಿ ಆಯುಕ್ತರಿಗೆ ಪೂರ್ಣ ಅಧಿಕಾರ ಇದೆ. ನಿಮ್ಮ ಲೇಔಟಿನಲ್ಲಿ ಎಷ್ಟು ಮನೆಗೆ ಅಂಥ ಇಳಿಜಾರು ಇದೆ, ಒಂದು ಸುತ್ತು ಹಾಕಿ ನೋಡಿ. ಅರ್ಜಿ ಕೊಡುವ ಮೊದಲೇ ನೋಡಿದರೆ ಒಳ್ಳೆಯದು.

ಪೆಂಡಾಲ್ ವಿಷಯ ಸರಳ. ರಸ್ತೆಗೆ ಅಡ್ಡ ಹಾಕಬೇಕಾದರೆ ಪಾಲಿಕೆಯದೂ ಪೊಲೀಸರದೂ ಅನುಮತಿ ಬೇಕು. ಕಂಬ ನೆಡಲು ಡಾಂಬರು ಅಗೆದರೆ ಅದು ಬೇರೆಯದೇ ತಪ್ಪು, ಆ ಗುಂಡಿ ಮಳೆಗಾಲದಲ್ಲಿ ದೊಡ್ಡದಾಗುವುದು ನಮ್ಮ ಪಾಲಿಗೆ. ದಾರಿಗೆ ಅಡ್ಡಿ ಮಾಡಿದರೆ ನ್ಯಾಯ ಸಂಹಿತೆಯ 285ನೇ ಕಲಂ ಪ್ರಕಾರ 5,000 ರೂಪಾಯಿವರೆಗೆ ದಂಡ. ಹಳೆಯ ದಂಡ ಸಂಹಿತೆಯಲ್ಲಿ ಇದು ಬರೀ 200 ಇತ್ತು, ಯಾರೂ ಹೆದರುತ್ತಿರಲಿಲ್ಲ. ಆದರೆ ಮದುವೆ ಮನೆಗೆ ಪೊಲೀಸರನ್ನು ಕಳಿಸುವ ಮೊದಲು ಒಂದು ದಿನ ಮುಂಚೆ ಹೋಗಿ, 'ಒಂದು ಕಡೆ ಆಂಬುಲೆನ್ಸ್ ಹೋಗುವಷ್ಟು ದಾರಿ ಬಿಡಿ ಅಣ್ಣ' ಎಂದು ಹೇಳಿ ನೋಡಿ. ಕಲ್ಯಾಣ ಮಂಟಪದ ಬಾಡಿಗೆ ಕೊಡಲಾಗದವರಿಗೆ ಮನೆ ಮುಂದಿನ ಬೀದಿಯೇ ಮಂಟಪ. ನಮ್ಮ ಊರುಗಳು ಮೊದಲಿಂದ ಹೀಗೇ ಇವೆ, ಎರಡು ದಿನ ಸುತ್ತು ಹಾಕಿ ಹೋಗುವುದನ್ನು ನಾನಂತೂ ದೊಡ್ಡದು ಮಾಡುವುದಿಲ್ಲ.

ಡಿಜೆಗೆ ಮಾತ್ರ ಈ ಔದಾರ್ಯ ಇಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಗಲಲ್ಲೂ ಲಿಖಿತ ಅನುಮತಿ ಬೇಕು. ಮನೆಗಳಿರುವ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್‌ವರೆಗೆ ಇನ್ನೂ ಕಡಿಮೆ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಅದೂ ವರ್ಷಕ್ಕೆ 15 ದಿನ ಮೀರದಂತೆ. ನಿಮ್ಮ ಪಕ್ಕದ ಬೀದಿಯ ಮದುವೆ ಆ 15 ದಿನದಲ್ಲಿ ಬರುವುದಿಲ್ಲ. ದೇವರ ಉತ್ಸವ ಆದರೂ ಸರ್ಕಾರದ ಸಡಿಲಿಕೆ ಇರಬೇಕು, ದೇವರ ಹೆಸರು ಹೇಳಿದರೆ ಸಾಲದು. ಹತ್ತು ಹೊಡೆದ ಮೇಲೂ ನಿಲ್ಲದಿದ್ದರೆ 112ಕ್ಕೆ ಫೋನ್ ಮಾಡಿ. ಬೀದಿ ಹೆಸರು, ಸಮಯ ಹೇಳಿ, ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಪೊಲೀಸ್ ಗಾಡಿ ಬಂದು ಹೋದ ಮೇಲೆ ಮತ್ತೆ ಶುರು ಮಾಡಿದರೆ ಮತ್ತೆ ಫೋನ್ ಮಾಡಿ. ಮರುದಿನ ಠಾಣೆಗೆ ಆ ನಂಬರುಗಳನ್ನು ಬರೆದು ಲಿಖಿತ ದೂರು ಕೊಟ್ಟರೆ ಮುಂದಿನ ಮದುವೆಗೆ ಅನುಮತಿ ಕೊಡುವಾಗ ಅವರೇ ಎಚ್ಚರ ವಹಿಸುತ್ತಾರೆ.

ಕೊನೆಗೆ ಬೀಗ. ಒಡೆಯಬೇಡಿ. ಅವರು ಹಾಕಿದ್ದು ಅಕ್ರಮವೇ ಇರಬಹುದು, ಆದರೆ ನೀವು ಒಡೆದ ಗಳಿಗೆಯಲ್ಲಿ ನಷ್ಟ ಮಾಡಿದವರು ನೀವಾಗುತ್ತೀರಿ, ಠಾಣೆಯಲ್ಲಿ ಮಾತು ಬೀಗದ ಬಗ್ಗೆ ನಡೆಯುತ್ತದೆಯೇ ಹೊರತು ಪಾರ್ಕಿನ ಬಗ್ಗೆ ಅಲ್ಲ. ಆರ್‌ಟಿಐ ಉತ್ತರ ಬಂದ ಮೇಲೆ ಆಯುಕ್ತರಿಗೆ ಒಂದು ಪುಟದ ಅರ್ಜಿ ಕೊಡಿ. ನಿಮ್ಮ ವಾರ್ಡಿನ ಪಾಲಿಕೆ ಸದಸ್ಯರಿಗೆ ಒಂದು ಪ್ರತಿ. ಬೀಗ ಹಾಕಿದ ಗೇಟಿನ ಫೋಟೊ, ಬೋರ್ಡಿನ ಫೋಟೊ ಜೊತೆಗಿರಲಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. 'ನಾಳೆ ಬನ್ನಿ' ಅಂದರೆ ಸ್ಪೀಡ್ ಪೋಸ್ಟ್ ಮಾಡಿ. ಅದಕ್ಕೂ ಅಲುಗದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂನಡಿ ಉಪವಿಭಾಗಾಧಿಕಾರಿಗಳ ಮುಂದೆ, ಸಾರ್ವಜನಿಕ ಜಾಗಕ್ಕೆ ಹಾಕಿದ ಅಡ್ಡಿ ತೆಗೆಸಿ ಎಂದು ಕೇಳಬಹುದು. ಇದು ಹಳೆಯ 133ನೇ ಸೆಕ್ಷನ್, ವಕೀಲರಿಲ್ಲದೆಯೂ ಕೊಡಬಹುದಾದ ಅರ್ಜಿ. ಹೈಕೋರ್ಟಿನ ಮಾತು ಅದರ ನಂತರ.

ಅಲ್ಲಿಯವರೆಗೆ ಭಾನುವಾರ ಸಂಜೆ 5ಕ್ಕೆ, ಅವರೇ ಗೇಟು ತೆರೆಯುವ ಹೊತ್ತಿಗೆ, ಒಳಗೆ ಹೋಗಿ ಕೂತುಕೊಳ್ಳಿ. ಪರ್ಮಿಶನ್ ಲೆಟರ್ ಕೇಳಿದರೆ, ಬೋರ್ಡು ಹಾಕಲು ಪಾಲಿಕೆ ಅವರಿಗೆ ಕೊಟ್ಟ ಲೆಟರ್ ಮೊದಲು ತೋರಿಸಲಿ.